ಶೇರ್‌ಘಾಟಿಯ ಕಲ್ಲು, ಮದ್ದೂರಿನ ಕಲ್ಲು

ಮದ್ದೂರು ಎಂದೊಡನೆ ಕರ್ನಾಟಕದವರಿಗೆ ನೆನಪಾಗುವುದು ವಡೆ. ಆದರೆ ಉಲ್ಕಾಶಿಲೆಗಳನ್ನು ಅಭ್ಯಾಸ ಮಾಡುವ ವಿಜ್ಞಾನಿಗಳಿಗೆ ಈ ಊರು ಬೇರೊಂದು ಕಾರಣಕ್ಕೆ ಗೊತ್ತು. 1865ರ ಸೆಪ್ಟೆಂಬರ್ 21ರಂದು ಮೈಸೂರು ಸೀಮೆಯ ಈ ಊರಿನ ಬಳಿ ಆಕಾಶದಿಂದ ಕಲ್ಲು ಬಿತ್ತು. ಅದರ ತೂಕ ಸುಮಾರು 4.4 ಕಿಲೋ. ಅಂದಿನ ಇಂಗ್ಲಿಷ್ ಕಾಗುಣಿತ ಹಿಡಿದು ‘ಮುದ್ದೂರ್’ ಎಂಬ ಹೆಸರಿನಲ್ಲಿ ಅದು ಉಲ್ಕಾಶಿಲೆಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿದೆ.

ಅದಕ್ಕೆ ಸರಿಯಾಗಿ 27 ದಿನ ಮೊದಲು, ಆಗಸ್ಟ್ 25ರ ಬೆಳಿಗ್ಗೆ ಸುಮಾರು 9 ಗಂಟೆಗೆ, ಬಿಹಾರದ ಗಯಾ ಸಮೀಪದ ಶೇರ್‌ಘಾಟಿಯಲ್ಲೂ ಇಂಥದೇ ಘಟನೆ ನಡೆದಿತ್ತು. ಭಾರಿ ಸದ್ದಿನ ಬೆನ್ನಿಗೇ ಸುಮಾರು 5 ಕಿಲೋ ತೂಕದ ಕಲ್ಲೊಂದು ನೆಲಕ್ಕೆ ಬಿತ್ತು. ಅಂದಿನ ಅಧಿಕಾರಿಗಳ ಕಾಗುಣಿತದಲ್ಲಿ ಊರಿನ ಹೆಸರು ‘ಶೆರ್ಗೊಟಿ’. ಆ ತಪ್ಪು ಕಾಗುಣಿತವೇ ಮುಂದೆ ವಿಜ್ಞಾನದ ಶಬ್ದಕೋಶದಲ್ಲಿ ಶಾಶ್ವತವಾಯಿತು.

ಒಂದೇ ವರ್ಷ, ಒಂದೇ ದೇಶ, ಹೆಚ್ಚುಕಡಿಮೆ ಒಂದೇ ತೂಕ. ಎರಡೂ ‘ಕಲ್ಲಿನ’ ಉಲ್ಕಾಶಿಲೆಗಳೇ ಹೊರತು ಕಬ್ಬಿಣದ ಗಟ್ಟಿಗಳಲ್ಲ. ಗಾಳಿಯಲ್ಲಿ ಉರಿದು ಬರುವ ಇಂಥ ಕಲ್ಲುಗಳ ಮೈಗೆ ಕಪ್ಪು ಸಿಪ್ಪೆಯೊಂದು ಅಂಟಿರುತ್ತದೆ. ಆ ಸಿಪ್ಪೆಯನ್ನಷ್ಟೇ ನೋಡಿದವನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಅಣ್ಣತಮ್ಮಂದಿರು ಎಂದುಬಿಡಬಹುದು. ಆದರೆ ಇವೆರಡರ ಹುಟ್ಟಿಗೂ ಒಂದಕ್ಕೊಂದು ಸಂಬಂಧವಿಲ್ಲ. ಮದ್ದೂರಿನ ಕಲ್ಲು, ಗ್ರಹಗಳು ಇನ್ನೂ ಕೂಡಿಕೊಳ್ಳುತ್ತಿದ್ದ ಕಾಲದ ಧೂಳಿನಿಂದಾದದ್ದು. ಶೇರ್‌ಘಾಟಿಯ ಕಲ್ಲು ಮಂಗಳ ಗ್ರಹದ ಲಾವಾ.

ಈ ಮಾತನ್ನು ಹೇಳಿದ್ದು ದೂರದರ್ಶಕವಲ್ಲ. ಕಲ್ಲಿನೊಳಗಿನ ಖನಿಜದ ಕಾಳುಗಳು. ಆ ಕಾಳುಗಳನ್ನು ಓದಲು ವಿಜ್ಞಾನಿಗಳಿಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ನಡುವೆ ಶೇರ್‌ಘಾಟಿಯ ಕಲ್ಲು ಬಹುಕಾಲ ತನ್ನದಲ್ಲದ ನೆಂಟರ ಸಾಲಿನಲ್ಲೇ ಕುಳಿತಿತ್ತು.

ನಾಲ್ಕು ಪಾಲಾದ ಕಾಶಿಯ ಕಲ್ಲು

ಆಕಾಶದಿಂದ ಕಲ್ಲು ಬೀಳುತ್ತದೆ ಎಂದರೆ 18ನೇ ಶತಮಾನದ ಪಂಡಿತರು ನಗುತ್ತಿದ್ದರು. ಹಳ್ಳಿಗರು ಸಿಡಿಲು ಬಡಿದ ಕಲ್ಲನ್ನು ಕಂಡು ಬೆದರಿ ಹಾಗೆ ಹೇಳುತ್ತಾರೆ ಎಂಬುದು ಅವರ ವಿವರಣೆ. 1794ರಲ್ಲಿ ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಕ್ಲಾಡ್ನಿ, ಇವು ನಿಜವಾಗಿಯೂ ಬಾಹ್ಯಾಕಾಶದಿಂದ ಬಂದವು ಎಂದು ಪುಸ್ತಕ ಬರೆದಾಗ ಒಪ್ಪಿದವರಿಗಿಂತ ಗೇಲಿ ಮಾಡಿದವರೇ ಹೆಚ್ಚು.

ಈ ವಾದಕ್ಕೆ ಖನಿಜಗಳ ಸಾಕ್ಷ್ಯ ಒದಗಿದ್ದು ಕಾಶಿಯಿಂದ. 1798ರ ಡಿಸೆಂಬರ್ 19ರ ರಾತ್ರಿ ಬನಾರಸ್ ಬಳಿಯ ಕ್ರಾಖುಟ್ ಎಂಬ ಹಳ್ಳಿಯ ಸುತ್ತ ಬೆಂಕಿಯ ಉಂಡೆ ಕಾಣಿಸಿ ಕಲ್ಲುಗಳ ಮಳೆಯೇ ಸುರಿಯಿತು. ಅವುಗಳಲ್ಲಿ ಕೆಲವು ಲಂಡನ್ನಿಗೆ ತಲುಪಿ ಎಡ್ವರ್ಡ್ ಹೊವಾರ್ಡ್ ಎಂಬ ರಸಾಯನಶಾಸ್ತ್ರಜ್ಞನ ಕೈಸೇರಿದವು. ಫ್ರಾನ್ಸಿನ ಕ್ರಾಂತಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದಿದ್ದ ಖನಿಜಶಾಸ್ತ್ರಜ್ಞ ಕೌಂಟ್ ಡಿ ಬೂರ್ನಾನ್ ಅವನಿಗೆ ಜೊತೆಯಾದ.

ಬೂರ್ನಾನ್ ಮಾಡಿದ ಕೆಲಸ ಸರಳವಾದದ್ದು, ಆದರೆ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಇಡೀ ಕಲ್ಲನ್ನು ಪುಡಿಮಾಡಿ ಪರೀಕ್ಷಿಸುವ ಬದಲು, ಅಕ್ಕಿಯಿಂದ ಕಲ್ಲು ಆರಿಸುವಂತೆ ಕಾಳು ಕಾಳಾಗಿ ಬಿಡಿಸಿದ. ನಾಲ್ಕು ಪಾಲು ಸಿಕ್ಕವು: ದುಂಡನೆಯ ಸಣ್ಣ ಗುಂಡುಗಳು, ಗಂಧಕ ಬೆರೆತ ಕಬ್ಬಿಣದ ಖನಿಜ, ಬಡಿದರೆ ತಗಡಾಗುವ ಲೋಹದ ಕಬ್ಬಿಣ, ಮತ್ತು ಇವೆಲ್ಲವನ್ನೂ ಅಂಟಿಸಿ ಹಿಡಿದ ಮಣ್ಣಿನಂಥ ಪದಾರ್ಥ. ಹೊವಾರ್ಡ್ ಪ್ರತಿಯೊಂದನ್ನೂ ಬೇರೆಬೇರೆಯಾಗಿ ರಾಸಾಯನಿಕ ಪರೀಕ್ಷೆಗೆ ಒಡ್ಡಿದ. ಕಬ್ಬಿಣದಲ್ಲಿ ನಿಕ್ಕೆಲ್ ಇತ್ತು. ಇಟಲಿಯ ಸಿಯೆನಾ, ಇಂಗ್ಲೆಂಡಿನ ಯಾರ್ಕ್‌ಷೈರ್, ಬೊಹೆಮಿಯಾದ ಟಾಬೋರ್‌ಗಳಲ್ಲಿ ಬಿದ್ದವೆನ್ನಲಾದ ಕಲ್ಲುಗಳಲ್ಲೂ ಇದೇ ಪಾಲುಗಳು, ಇದೇ ನಿಕ್ಕೆಲ್!

ಸಾವಿರಾರು ಮೈಲಿ ಅಂತರದ ಊರುಗಳಲ್ಲಿ, ಬೇರೆಬೇರೆ ಕಾಲದಲ್ಲಿ ಬಿದ್ದ ಕಲ್ಲುಗಳು ಒಂದನ್ನೊಂದು ಹೋಲುತ್ತವೆ. ಆದರೆ ತಾವು ಬಿದ್ದ ಊರಿನ ಬಂಡೆಯನ್ನು ಯಾವುದೂ ಹೋಲುವುದಿಲ್ಲ. 1802ರಲ್ಲಿ ರಾಯಲ್ ಸೊಸೈಟಿಯ ಮುಂದೆ ಹೊವಾರ್ಡ್ ಇಟ್ಟ ಈ ಫಲಿತಾಂಶಕ್ಕೆ ಉತ್ತರ ಹೇಳುವುದು ಸುಲಭವಿರಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಫ್ರಾನ್ಸಿನ ಲೇಗ್ಲ್ ಎಂಬ ಊರಿನ ಮೇಲೆ ಹಾಡಹಗಲೇ ಸಾವಿರಾರು ಕಲ್ಲುಗಳು ಸುರಿದು, ವಿಜ್ಞಾನಿ ಬಯೋ ಸ್ಥಳಕ್ಕೇ ಹೋಗಿ ವರದಿ ಬರೆದ ಮೇಲೆ ಸಂದೇಹಗಳು ಬಹುಮಟ್ಟಿಗೆ ಅಡಗಿದವು.

ತೆಳು ಪದರದ ಗುಟ್ಟು

ಬೂರ್ನಾನ್ ಕಂಡ ಆ ದುಂಡು ಗುಂಡುಗಳಿಗೆ ಹೆಸರು ಬರಲು ಅರುವತ್ತು ವರ್ಷ ಬೇಕಾಯಿತು. ಬರ್ಲಿನ್ನಿನ ಗುಸ್ತಾವ್ ರೋಸ್ 1860ರ ದಶಕದ ಆರಂಭದಲ್ಲಿ ತನ್ನ ಸಂಗ್ರಹಾಲಯದ ಉಲ್ಕಾಶಿಲೆಗಳನ್ನು ವಿಂಗಡಿಸಿದ. ಗ್ರೀಕ್ ಭಾಷೆಯಲ್ಲಿ ಕಾಳಿಗೆ ‘ಕಾಂಡ್ರೋಸ್’ ಎನ್ನುತ್ತಾರೆ. ಗುಂಡುಗಳಿರುವ ಕಲ್ಲು ‘ಕಾಂಡ್ರೈಟ್’ ಆಯಿತು, ಗುಂಡಿಗೆ ‘ಕಾಂಡ್ರೂಲ್’ ಎಂಬ ಹೆಸರು ಬಂತು. ಗುಂಡುಗಳಿಲ್ಲದ ಕಲ್ಲುಗಳು ಮುಂದೆ ‘ಅಕಾಂಡ್ರೈಟ್’ ಎನಿಸಿಕೊಂಡವು. ಕಲ್ಲಿನ ಉಲ್ಕಾಶಿಲೆಗಳ ವರ್ಗೀಕರಣದಲ್ಲಿ ಇಂದಿಗೂ ಮೊದಲು ಕೇಳುವ ಪ್ರಶ್ನೆ ಇದೇ: ಗುಂಡು ಇದೆಯೋ, ಇಲ್ಲವೋ?

ಇದೇ ಹೊತ್ತಿಗೆ ಇನ್ನೊಂದು ಉಪಾಯ ರೂಢಿಗೆ ಬರುತ್ತಿತ್ತು. ಕಲ್ಲಿನ ಚೂರನ್ನು ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ತೂರಿಹೋಗುವಷ್ಟು ತೆಳ್ಳಗೆ ಸವೆಸುವುದು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ದಪ್ಪ. ಈ ಪದರವನ್ನು ಸೂಕ್ಷ್ಮದರ್ಶಕದಡಿ ಧ್ರುವೀಕರಿಸಿದ ಬೆಳಕಿನಲ್ಲಿಟ್ಟರೆ ಕಪ್ಪು ಕಲ್ಲು ಬಣ್ಣದ ರಂಗೋಲಿಯಾಗುತ್ತದೆ. ಒಂದೊಂದು ಖನಿಜವೂ ಬೆಳಕನ್ನು ತನ್ನದೇ ರೀತಿಯಲ್ಲಿ ಬಾಗಿಸಿ ತನ್ನದೇ ಬಣ್ಣ ತೋರಿಸುತ್ತದೆ. ಇಂಗ್ಲೆಂಡಿನ ಹೆನ್ರಿ ಸಾರ್ಬಿ ಈ ವಿಧಾನದಿಂದಲೇ, ಗುಂಡುಗಳು ಒಮ್ಮೆ ಕರಗಿದ ಹನಿಗಳಾಗಿದ್ದವು ಎಂದು ತೋರಿಸಿದ.

ಬ್ರಿಟಿಷ್ ಮ್ಯೂಸಿಯಮ್ಮಿನ ಖನಿಜ ವಿಭಾಗದ ಮುಖ್ಯಸ್ಥ ನೆವಿಲ್ ಸ್ಟೋರಿ ಮ್ಯಾಸ್ಕೆಲಿನ್ ಕೂಡ ಇದೇ ದಾರಿ ಹಿಡಿದವನು. ಇಂಡಿಯಾದಿಂದ ಬಂದ ಉಲ್ಕಾಶಿಲೆಗಳು ಅವನಿಗೆ ಅಚ್ಚುಮೆಚ್ಚು. ಉತ್ತರ ಪ್ರದೇಶದ ಬಸ್ತಿಯಲ್ಲಿ 1852ರಲ್ಲಿ ಬಿದ್ದ ಕಲ್ಲಿನಲ್ಲಿ ಅವನು ಹೊಸ ಖನಿಜವೊಂದನ್ನು ಕಂಡು, ಕಲ್ಕತ್ತೆಯ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮ್‌ನ ನೆನಪಿಗೆ ‘ಓಲ್ಡ್‌ಹ್ಯಾಮೈಟ್’ ಎಂದು ಹೆಸರಿಟ್ಟ. ಮ್ಯಾಸ್ಕೆಲಿನ್‌ನ ಹೆಸರೂ ಹೀಗೆಯೇ ಇನ್ನೊಂದು ಭಾರತೀಯ ಕಲ್ಲಿನಲ್ಲಿ ಉಳಿಯಲಿತ್ತು.

ಮದ್ದೂರಿನ ವಿಳಾಸ: ಎಲ್5

ಮದ್ದೂರಿನ ಕಲ್ಲಿನ ಇಂದಿನ ವಿಳಾಸ ಎರಡೇ ಅಕ್ಷರದ್ದು: ಎಲ್5. ಕಾಂಡ್ರೈಟ್‌ಗಳಲ್ಲಿ ಇದು ‘ಸಾಮಾನ್ಯ ಕಾಂಡ್ರೈಟ್’ ಎಂಬ ದೊಡ್ಡ ಕುಟುಂಬಕ್ಕೆ ಸೇರಿದೆ. ಬೀಳುವಾಗಲೇ ಕಣ್ಣಿಗೆ ಬಿದ್ದು ಸಿಕ್ಕ ಉಲ್ಕಾಶಿಲೆಗಳಲ್ಲಿ ಶೇಕಡಾ 80ರಷ್ಟು ಇದೇ ಕುಟುಂಬದವು. ಹೆಸರು ಸಾಮಾನ್ಯವಾದರೂ ವಯಸ್ಸು ಸಾಮಾನ್ಯವಲ್ಲ. ಅದು ಸುಮಾರು 456 ಕೋಟಿ ವರ್ಷಗಳ ಹಿಂದಿನ, ಸೌರಮಂಡಲದ ಬಾಲ್ಯದ ಪದಾರ್ಥ.

ಈ ಕಲ್ಲುಗಳಲ್ಲಿ ಹೆಚ್ಚಾಗಿರುವುದು ಎರಡು ಖನಿಜ. ಒಂದು ಆಲಿವೀನ್, ಇನ್ನೊಂದು ಪೈರಾಕ್ಸೀನ್. ಎರಡೂ ಮೆಗ್ನೀಸಿಯಂ, ಕಬ್ಬಿಣ, ಸಿಲಿಕಾನ್, ಆಮ್ಲಜನಕಗಳ ಸಂಯುಕ್ತಗಳೇ. ಕೂಡಿಕೊಂಡ ಪ್ರಮಾಣ ಮಾತ್ರ ಬೇರೆ. ಇವುಗಳ ಜೊತೆ ಸ್ವಲ್ಪ ಫೆಲ್ಡ್‌ಸ್ಪಾರ್, ಗಂಧಕದ ಕಬ್ಬಿಣ ಮತ್ತು ಅಲ್ಲಲ್ಲಿ ಮಿನುಗುವ ನಿಕ್ಕೆಲ್ ಬೆರೆತ ಲೋಹದ ಕಬ್ಬಿಣ. ಈ ಲೋಹದಿಂದಾಗಿಯೇ ಇಂಥ ಕಲ್ಲಿನ ಬಳಿ ಅಯಸ್ಕಾಂತ ಹಿಡಿದರೆ ಅದು ಅಂಟಿಕೊಳ್ಳುತ್ತದೆ.

ಕಬ್ಬಿಣ ಎಷ್ಟಿದೆ, ಎಷ್ಟು ಲೋಹವಾಗಿದೆ, ಎಷ್ಟು ಖನಿಜಗಳೊಳಗೆ ಸೇರಿಹೋಗಿದೆ ಎಂಬುದರ ಮೇಲೆ ಸಾಮಾನ್ಯ ಕಾಂಡ್ರೈಟ್‌ಗಳನ್ನು ಮೂರು ಗುಂಪು ಮಾಡುತ್ತಾರೆ. ಕಬ್ಬಿಣ ಹೆಚ್ಚಿದ್ದರೆ ‘ಎಚ್’, ಕಡಿಮೆಯಿದ್ದರೆ ‘ಎಲ್’, ಒಟ್ಟು ಕಬ್ಬಿಣವೂ ಲೋಹವೂ ಎರಡೂ ಕಡಿಮೆಯಿದ್ದರೆ ‘ಎಲ್‌ಎಲ್’. 1953ರಲ್ಲಿ ಹೆರಾಲ್ಡ್ ಯೂರಿ ಮತ್ತು ಹರ್ಮನ್ ಕ್ರೇಗ್ ಹಳೆಯ ರಾಸಾಯನಿಕ ಪರೀಕ್ಷೆಗಳನ್ನೆಲ್ಲ ಜಾಲಾಡಿ, ಕಬ್ಬಿಣ ಹೆಚ್ಚಿರುವ ಮತ್ತು ಕಡಿಮೆಯಿರುವ ಎರಡು ಗುಂಪುಗಳು ಸ್ಪಷ್ಟವಾಗಿ ಬೇರ್ಪಡುವುದನ್ನು ಕಂಡುಕೊಂಡರು. ಈಗ ಇಡೀ ಕಲ್ಲನ್ನು ಕರಗಿಸುವ ಅಗತ್ಯವಿಲ್ಲ. ಆಲಿವೀನ್ ಕಾಳಿನಲ್ಲಿ ಮೆಗ್ನೀಸಿಯಂನ ಜಾಗವನ್ನು ಕಬ್ಬಿಣ ಎಷ್ಟು ಆಕ್ರಮಿಸಿದೆ ಎಂದು ಅಳೆದರೆ ಸಾಕು. ‘ಎಚ್’ ಗುಂಪಿನಲ್ಲಿ ಅದು ನೂರಕ್ಕೆ 16ರಿಂದ 20, ‘ಎಲ್’ನಲ್ಲಿ 22ರಿಂದ 26, ‘ಎಲ್‌ಎಲ್’ನಲ್ಲಿ ಇನ್ನೂ ಹೆಚ್ಚು. ಗುಂಪುಗಳು ಒಂದರೊಳಗೊಂದು ಬೆರೆಯದೆ ಹೀಗೆ ಬಿಡಿಯಾಗಿ ನಿಲ್ಲುವುದರಿಂದ, ಪ್ರತಿ ಗುಂಪಿಗೂ ಬೇರೆಬೇರೆ ತಾಯಿಕಾಯ ಇದ್ದಿರಬೇಕು ಎಂದು ವಿಜ್ಞಾನಿಗಳು ತಿಳಿಯುತ್ತಾರೆ. ಮದ್ದೂರಿನ ಕಲ್ಲು ‘ಎಲ್’ ಆದರೆ, 1866ರ ಏಪ್ರಿಲ್‌ನಲ್ಲಿ ಉಡುಪಿಯ ಕಡೆ ಬಿದ್ದದ್ದು ‘ಎಚ್’. ಏಳು ತಿಂಗಳ ಅಂತರದಲ್ಲಿ ಕನ್ನಡ ನಾಡಿಗೆ ಬಂದ ಎರಡು ಕಲ್ಲುಗಳ ಮೂಲಮನೆ ಬೇರೆಬೇರೆ!

ಇನ್ನು 5 ಎಂಬ ಅಂಕಿ. 1967ರಲ್ಲಿ ವಾನ್ ಶ್ಮೂಸ್ ಮತ್ತು ಜಾನ್ ವುಡ್ ರೂಪಿಸಿದ ಈ ಕ್ರಮದಲ್ಲಿ ಅಂಕಿ ಹೇಳುವುದು ಕಲ್ಲು ತಾಯಿಕಾಯದೊಳಗೆ ಎಷ್ಟು ಬೆಂದಿದೆ ಎಂಬುದನ್ನು. ಬೂಂದಿ ಲಾಡುವನ್ನು ನೆನೆಯಬಹುದು. ಆಗತಾನೆ ಪಾಕಕ್ಕೆ ಹಾಕಿದ ಬೂಂದಿಯ ಕಾಳುಗಳು ಒಂದೊಂದೂ ಬಿಡಿಯಾಗಿ ಕಾಣುತ್ತವೆ, ಅದು 3. ಬಿಸಿಗೆ ಹದವಾಗಿ ಒತ್ತಿ ಕಟ್ಟಿದ ಮೇಲೆ ಅಂಚುಗಳು ಕರಗಿ ಒಂದಕ್ಕೊಂದು ಸೇರುತ್ತವೆ. ಅದು 5, 6. ಮದ್ದೂರಿನ ಕಲ್ಲಿನಂಥ 5ನೇ ದರ್ಜೆಯವುಗಳಲ್ಲಿ ಗುಂಡುಗಳು ಇನ್ನೂ ಗುರುತು ಹತ್ತುತ್ತವೆ, ಆದರೆ ಅಂಚು ಮಸುಕಾಗಿದೆ. ಇದಕ್ಕೆ ವ್ಯತಿರಿಕ್ತವಾಗಿ, 1940ರಲ್ಲಿ ಮಧ್ಯಪ್ರದೇಶದ ಸೆಮರ್‌ಕೋನಾದಲ್ಲಿ ಬಿದ್ದ ಕಲ್ಲಿನ ದರ್ಜೆ 3.00. ಬಹುತೇಕ ಬೇಯದೆ ಉಳಿದಿರುವ ಕಾರಣ, ಆದಿಯ ಧೂಳನ್ನು ಅರಿಯಬೇಕೆಂಬ ಪ್ರಯೋಗಾಲಯಗಳಿಗೆಲ್ಲ ಅದೊಂದು ಮಾದರಿ.

ಈ ವಿಂಗಡಣೆ ಬರಿ ಕಾಗದದ್ದಲ್ಲ ಎಂಬುದು 2010ರಲ್ಲಿ ರುಜುವಾತಾಯಿತು. ಜಪಾನಿನ ಹಯಬುಸ ನೌಕೆ ಇಟೊಕವಾ ಎಂಬ ಕ್ಷುದ್ರಗ್ರಹದ ಧೂಳನ್ನು ಭೂಮಿಗೆ ತಂದಿತು. ಕಾಳುಗಳನ್ನು ಅಳೆದಾಗ ಅವು ‘ಎಲ್‌ಎಲ್’ ಕಾಂಡ್ರೈಟ್‌ಗಳ ಅಳತೆಗೇ ಹೊಂದಿದವು.

ಹೊಂದದ ಸಾಲಿನಲ್ಲಿ

ಶೇರ್‌ಘಾಟಿಯ ಕಲ್ಲಿನಲ್ಲಿ ಗುಂಡುಗಳಿರಲಿಲ್ಲ. ಲೋಹದ ಕಬ್ಬಿಣವೂ ಇಲ್ಲ. ಅದರ ದೊಡ್ಡ ಭಾಗ ಕಲ್ಕತ್ತೆಯಲ್ಲಿ ಉಳಿದು, ಚೂರೊಂದು ವಿಯೆನ್ನಾದ ರಾಜ ಸಂಗ್ರಹಾಲಯಕ್ಕೆ ಹೋಯಿತು. ಅಲ್ಲಿನ ಖನಿಜಶಾಸ್ತ್ರಜ್ಞ ಗುಸ್ತಾವ್ ಚೆರ್ಮಾಕ್ ಅದನ್ನು ಸವೆಸಿ ಪದರ ಮಾಡಿ 1872ರಲ್ಲಿ ವಿವರ ಪ್ರಕಟಿಸಿದ. ಅದೇ ಲೇಖನದಲ್ಲಿ ಅವನು ಪಕ್ಕದಲ್ಲಿಟ್ಟು ವರ್ಣಿಸಿದ್ದು ಬಂಗಾಳದ ಗೋಪಾಲಪುರದ ಕಲ್ಲನ್ನು. ಅದೂ ಬಿದ್ದದ್ದು 1865ರಲ್ಲೇ, ಆದರೆ ಅದು ಮದ್ದೂರಿನಂತೆ ಕಾಂಡ್ರೈಟ್.

ಚೆರ್ಮಾಕ್ ಕಂಡದ್ದು ಮುಖ್ಯವಾಗಿ ಎರಡು. ಕಂದು ಬಣ್ಣದ ಪೈರಾಕ್ಸೀನ್ ಒಂದು. ಇನ್ನೊಂದು ಬಣ್ಣವಿಲ್ಲದ, ಪಾರದರ್ಶಕ ಕಾಳು. ಅದರ ರಾಸಾಯನಿಕ ಸ್ವರೂಪ ಫೆಲ್ಡ್‌ಸ್ಪಾರ್‌ನದು, ಹೊರ ಆಕಾರವೂ ಫೆಲ್ಡ್‌ಸ್ಪಾರ್‌ನದೇ. ಆದರೆ ಧ್ರುವೀಕರಿಸಿದ ಬೆಳಕಿನಲ್ಲಿ ಎತ್ತ ತಿರುಗಿಸಿದರೂ ಅದು ಕಪ್ಪಗೇ ಉಳಿಯಿತು. ಫೆಲ್ಡ್‌ಸ್ಪಾರ್ ಹರಳು ಹಾಗೆ ನಡೆದುಕೊಳ್ಳುವುದಿಲ್ಲ. ಗಾಜು ಮಾತ್ರ, ಇಲ್ಲವೇ ಉಪ್ಪಿನಂಥ ಘನಾಕೃತಿಯ ಹರಳು, ಹಾಗೆ ವರ್ತಿಸಬಲ್ಲದು. ಚೆರ್ಮಾಕ್ ಇದನ್ನು ಹೊಸ ಖನಿಜವೆಂದು ಬಗೆದು, ಲಂಡನ್ನಿನ ಮ್ಯಾಸ್ಕೆಲಿನ್‌ನ ಗೌರವಾರ್ಥ ‘ಮ್ಯಾಸ್ಕೆಲಿನೈಟ್’ ಎಂದು ಕರೆದ. ಕಬ್ಬಿಣದ ಆಕ್ಸೈಡ್ ಆದ ಮ್ಯಾಗ್ನೆಟೈಟ್ ಕೂಡ ಅವನ ಕಣ್ಣಿಗೆ ಬಿದ್ದಿತ್ತು.

ಯಾವುದಕ್ಕೂ ಸರಿಹೊಂದದ ಈ ಕಲ್ಲಿಗೆ ಕೊನೆಗೆ ಊರಿನ ಹೆಸರಿನಲ್ಲೇ ‘ಶೆರ್ಗೊಟೈಟ್’ ಎಂಬ ಪ್ರತ್ಯೇಕ ವರ್ಗವಾಯಿತು. ವರ್ಗವೇನೋ ಆಯಿತು, ಆದರೆ ನೆಂಟರು? ಲಾವಾದಂತೆ ಕಾಣುವ ಇತರ ಉಲ್ಕಾಶಿಲೆಗಳೆಂದರೆ ‘ಯೂಕ್ರೈಟ್’ಗಳು. ಅವು ಇಂದು ವೆಸ್ಟಾ ಎಂಬ ಕ್ಷುದ್ರಗ್ರಹದ್ದೆಂದು ತಿಳಿದಿದೆ. ಶೇರ್‌ಘಾಟಿಯ ಕಲ್ಲನ್ನೂ ಬಹುಕಾಲ ಅವುಗಳ ಸೋದರನೆಂದೇ ನೋಡಲಾಯಿತು. ಹೊಂದದ ಲಕ್ಷಣಗಳು ಕಣ್ಣೆದುರಿಗೇ ಇದ್ದವು, ಕೇಳಬೇಕಾದ ಪ್ರಶ್ನೆ ಮಾತ್ರ ಇನ್ನೂ ಹುಟ್ಟಿರಲಿಲ್ಲ.

ಏಟಿಗೆ ಗಾಜಾದ ಹರಳು

ಮೊದಲ ಗಂಟು ಬಿಚ್ಚಿದ್ದು 1963ರಲ್ಲಿ. ಡೇನಿಯಲ್ ಮಿಲ್ಟನ್ ಮತ್ತು ಪಾಲ್ ಡಿಕಾರ್ಲಿ ಫೆಲ್ಡ್‌ಸ್ಪಾರ್ ಇರುವ ಕಲ್ಲಿಗೆ ಸ್ಫೋಟಕ ಇಟ್ಟು ಸಿಡಿಸಿದರು. ಹರಳು ಇದ್ದ ಆಕಾರದಲ್ಲೇ ಗಾಜಾಯಿತು. ಚೆರ್ಮಾಕ್ ಹೆಸರಿಟ್ಟದ್ದು ಹೊಸ ಖನಿಜವಲ್ಲ, ಏಟು ತಿಂದ ಫೆಲ್ಡ್‌ಸ್ಪಾರ್ ಎಂಬುದು ಆಗ ಸ್ಪಷ್ಟವಾಯಿತು. ಬಳೆಯ ಗಾಜಿನಂತೆ ಕುಲುಮೆಯಲ್ಲಿ ಕರಗಿಸಿ ಸುರಿದ ಗಾಜಲ್ಲ ಇದು. ಆಘಾತದ ಅಲೆಯೊಂದು ಕ್ಷಣಾರ್ಧದಲ್ಲಿ ಹಾದು, ಒಳಗಿನ ಅಣುಗಳ ಜೋಡಣೆಯನ್ನೆಲ್ಲ ಕದಡಿ, ಹೊರಗಿನ ಆಕಾರವನ್ನು ಮಾತ್ರ ಹಾಗೇ ಬಿಟ್ಟು ಹೋಗಿದೆ. ಶೇರ್‌ಘಾಟಿಯ ಕಲ್ಲು ತಿಂದ ಏಟು ನಮ್ಮ ಗಾಳಿಯ ಒತ್ತಡದ ಸುಮಾರು 3 ಲಕ್ಷ ಪಟ್ಟು ಎಂದು ಆಮೇಲಿನ ಅಧ್ಯಯನಗಳು ಅಂದಾಜು ಮಾಡಿದವು. ಮರಳಿನ ಮೂಲದ್ರವ್ಯವಾದ ಸಿಲಿಕಾ ಅತಿ ಒತ್ತಡದಲ್ಲಿ ತಾಳುವ ‘ಸೀಫರ್ಟೈಟ್’ ಎಂಬ ದಟ್ಟ ರೂಪವೂ ಈ ಕಲ್ಲಿನಲ್ಲಿಯೇ ಪತ್ತೆಯಾಗಿ ಹೊಸ ಖನಿಜವಾಗಿ ದಾಖಲಾಗಿದೆ.

ಇಂದು ಎಲೆಕ್ಟ್ರಾನ್ ಕಿರಣದ ಯಂತ್ರದಡಿ ಕಲ್ಲಿನ ಲೆಕ್ಕ ಹೀಗಿದೆ. ಶೇಕಡಾ 70ರಷ್ಟು ಪೈರಾಕ್ಸೀನ್. ಅದರಲ್ಲೂ ಕ್ಯಾಲ್ಸಿಯಂ ಕಡಿಮೆಯಿರುವ ‘ಪಿಜನೈಟ್’, ಹೆಚ್ಚಿರುವ ‘ಆಗೈಟ್’ ಎಂಬ ಎರಡು ಬಗೆ. ಸುಮಾರು ಕಾಲು ಭಾಗ ಮ್ಯಾಸ್ಕೆಲಿನೈಟ್. ಉಳಿದ ಸ್ವಲ್ಪದರಲ್ಲಿ ಟೈಟಾನಿಯಂ ಬೆರೆತ ಮ್ಯಾಗ್ನೆಟೈಟ್, ಇಲ್ಮೆನೈಟ್, ಗಂಧಕದ ಕಬ್ಬಿಣ, ರಂಜಕದ ಖನಿಜಗಳು, ಸಿಲಿಕಾ. ಈ ಅಡುಗೆ ಭೂಮಿಯವರಿಗೆ ಅಪರಿಚಿತವಲ್ಲ. ವಿಜಯಪುರದ ಗೋಲಗುಮ್ಮಟ ಕಟ್ಟಿದ ಕಪ್ಪು ಬಸಾಲ್ಟ್ ಕಲ್ಲಿನಲ್ಲೂ ಮುಖ್ಯವಾಗಿ ಇರುವುದು ಪೈರಾಕ್ಸೀನ್ ಮತ್ತು ಫೆಲ್ಡ್‌ಸ್ಪಾರ್. ಅಂದರೆ ಶೇರ್‌ಘಾಟಿಯದು ಎಲ್ಲೋ ಒಂದು ಕಡೆ ಹರಿದು ಗಟ್ಟಿಯಾದ ಜ್ವಾಲಾಮುಖಿಯ ಕಲ್ಲು.

ಕಾಳುಗಳು ಇನ್ನೂ ಹೇಳುತ್ತವೆ. ಪೈರಾಕ್ಸೀನ್ ಹರಳಿನ ನಡುಭಾಗದಲ್ಲಿ ಮೆಗ್ನೀಸಿಯಂ ಹೆಚ್ಚು, ಅಂಚಿಗೆ ಬಂದಂತೆ ಕಬ್ಬಿಣ ಹೆಚ್ಚು. ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆಯಾಗುತ್ತದೆ; ಬೇಗ ಆರಿಸಿದರೆ ಹರಳು ಸಣ್ಣದು. ಇಲ್ಲಿಯೂ ಹಾಗೆಯೇ: ಹರಳಿನ ತಿರುಳು ನೆಲದಾಳದಲ್ಲಿ ನಿಧಾನವಾಗಿ ಬೆಳೆಯಿತು, ಅಂಚು ಮೇಲಕ್ಕೆ ಬಂದ ಮೇಲೆ ಬೇಗ ಗಟ್ಟಿಯಾಯಿತು. ಕಬ್ಬಿಣ ಲೋಹವಾಗಿ ಉಳಿಯದೆ ಮ್ಯಾಗ್ನೆಟೈಟ್ ಆಗಿರುವುದರಿಂದ, ಆ ಜಾಗದಲ್ಲಿ ಆಮ್ಲಜನಕದ ಪ್ರಭಾವ ಯೂಕ್ರೈಟ್‌ಗಳ ತಾಯ್ನೆಲಕ್ಕಿಂತ ಹೆಚ್ಚಾಗಿತ್ತು. ಚೆರ್ಮಾಕ್ ನೋಡಿದ್ದ ಆ ಪುಟ್ಟ ಕಪ್ಪು ಕಾಳಿನ ಮಹತ್ವ ಇದು.

ವಯಸ್ಸಿನ ಒಗಟು

ಎರಡನೇ ಗಂಟು ವಯಸ್ಸಿನದು. ಉಲ್ಕಾಶಿಲೆ ಎಂದರೆ 450 ಕೋಟಿ ವರ್ಷ ಮೀರಿದ್ದು ಎಂಬುದು ವಾಡಿಕೆ. ಮದ್ದೂರಿನಂಥವೂ ಅಷ್ಟೇ, ಯೂಕ್ರೈಟ್‌ಗಳೂ ಬಹುತೇಕ ಅಷ್ಟೇ. ಆದರೆ 1970ರ ದಶಕದಲ್ಲಿ, ಈಜಿಪ್ಟಿನ ನಖ್ಲಾದಲ್ಲಿ 1911ರಲ್ಲಿ ಬಿದ್ದ ಕಲ್ಲಿನ ವಯಸ್ಸು ಬರಿ 130 ಕೋಟಿ ವರ್ಷ ಎಂದು ತಿಳಿಯಿತು. ಶೇರ್‌ಘಾಟಿಯದು ಇನ್ನೂ ಚಿಕ್ಕದು. ವಿಕಿರಣಶೀಲ ಧಾತುಗಳ ಅಳತೆಗಳಲ್ಲಿ ಹೆಚ್ಚಿನವು ಅದು 17–18 ಕೋಟಿ ವರ್ಷಗಳ ಆಸುಪಾಸಿನಲ್ಲಿ ಲಾವಾದಿಂದ ಹರಳಾಯಿತು ಎನ್ನುತ್ತವೆ. ಏಟಿನಿಂದ ಗಡಿಯಾರ ತಪ್ಪಿದೆ, ಕಲ್ಲು ಹಳೆಯದೇ ಎಂದು ವಾದಿಸಿದವರೂ ಇದ್ದಾರೆ.

ಇಲ್ಲಿ ಹುಟ್ಟಿದ ಪ್ರಶ್ನೆ ಸರಳ. ಸೌರಮಂಡಲದಲ್ಲಿ ಅಷ್ಟು ಇತ್ತೀಚಿನವರೆಗೆ ಲಾವಾ ಉಕ್ಕಿಸುವ ತಾಕತ್ತು ಯಾರಿಗಿತ್ತು? ಕ್ಷುದ್ರಗ್ರಹಗಳು ಸಣ್ಣ ಕೊಡದ ನೀರಿನಂತೆ ಎಂದೋ ಆರಿಹೋದವು. ಬಹುಕಾಲ ಬಿಸಿ ಹಿಡಿದಿಡಲು ದೊಡ್ಡ ಕಾಯವೇ ಬೇಕು. ಹ್ಯಾರಿ ಮೆಕ್‌ಸ್ವೀನ್, ಎಡ್ವರ್ಡ್ ಸ್ಟಾಲ್ಪರ್ ಮೊದಲಾದ ಕೆಲವರು 1979ರ ಸುಮಾರಿಗೆ ಮಂಗಳದ ಹೆಸರನ್ನು ಮುಂದಿಟ್ಟರು. ಅಷ್ಟರಲ್ಲಿ ಶೇರ್‌ಘಾಟಿ, ನಖ್ಲಾ ಹಾಗೂ 1815ರಲ್ಲಿ ಫ್ರಾನ್ಸಿನ ಶಾಸಿನ್ಯಿಯಲ್ಲಿ ಬಿದ್ದ ಕಲ್ಲುಗಳು ಒಂದೇ ಬಳಗದವೆಂದು ಗುರುತಾಗಿದ್ದವು. ಶಿಕಾಗೋದ ರಾಬರ್ಟ್ ಕ್ಲೇಟನ್ ಮತ್ತು ತೋಷಿಕೊ ಮಯೇಡ ಆಮ್ಲಜನಕದ ಮೂರು ಬಗೆಯ ಪರಮಾಣುಗಳ ಪ್ರಮಾಣ ಅಳೆದು, ಈ ಬಳಗ ಯೂಕ್ರೈಟ್‌ಗಳಿಂದಲೂ ಭೂಮಿಯಿಂದಲೂ ಬೇರೆ ಎಂದು 1983ರಲ್ಲಿ ತೋರಿಸಿದರು. ಸೋದರತ್ವದ ಹಳೆಯ ಮಾತು ಅಲ್ಲಿಗೆ ಮುಗಿಯಿತು.

ಆದರೆ ಆಕ್ಷೇಪವೊಂದು ಬಲವಾಗಿತ್ತು. ಮಂಗಳದ ಗುರುತ್ವ ಮೀರಿ ಹೊರಬೀಳಲು ಸೆಕೆಂಡಿಗೆ 5 ಕಿಲೋಮೀಟರ್ ವೇಗ ಬೇಕು. ಅಷ್ಟು ವೇಗ ಕೊಡುವ ಡಿಕ್ಕಿಯಲ್ಲಿ ಕಲ್ಲು ಪುಡಿಯಾಗದೆ ಉಳಿದೀತೇ? ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕ ಕಲ್ಲೊಂದು ಚಂದ್ರನದೆಂದು ಅದೇ 1983ರಲ್ಲಿ ಎಲ್ಲರೂ ಒಪ್ಪಿದ ಮೇಲೆ ಈ ಆಕ್ಷೇಪ ಸಡಿಲವಾಯಿತು. ಅಪೊಲೊ ಯಾತ್ರಿಗಳು ತಂದ ಕಲ್ಲುಗಳೊಂದಿಗೆ ಹೋಲಿಸಿ ನೋಡುವ ಅವಕಾಶ ಅಲ್ಲಿತ್ತು. ಮಂಗಳದಿಂದ ಕಲ್ಲು ತಂದವರು ಯಾರೂ ಇರಲಿಲ್ಲ.

ಗಾಜಿನಲ್ಲಿ ಸಿಕ್ಕಿಬಿದ್ದ ಗಾಳಿ

ಕಲ್ಲು ತಂದಿರಲಿಲ್ಲ, ನಿಜ. ಆದರೆ ಗಾಳಿಯ ಲೆಕ್ಕ ಬಂದಿತ್ತು. 1976ರಲ್ಲಿ ಮಂಗಳದ ಮೇಲಿಳಿದ ವೈಕಿಂಗ್ ನೌಕೆಗಳು ಅಲ್ಲಿನ ಗಾಳಿಯನ್ನು ಅಳೆದು ವರದಿ ಕಳಿಸಿದ್ದವು. ಅಂಟಾರ್ಕ್ಟಿಕಾದಲ್ಲಿ 1979–80ರ ಬೇಸಿಗೆಯಲ್ಲಿ ಸಿಕ್ಕ ಮತ್ತೊಂದು ಕಲ್ಲು ಶೆರ್ಗೊಟೈಟ್ ಎಂದು ಗುರುತಾಗಿತ್ತು. ಡಿಕ್ಕಿಯ ಶಾಖಕ್ಕೆ ಕರಗಿ ಕಪ್ಪು ಗಾಜಾದ ಉಂಡೆಗಳು ಅದರಲ್ಲಿದ್ದವು. ಡೊನಾಲ್ಡ್ ಬೊಗಾರ್ಡ್ ಮತ್ತು ಪ್ರಾಟ್ ಜಾನ್ಸನ್ ಆ ಗಾಜನ್ನು ಬಿಸಿಮಾಡಿ ಒಳಗಿನ ಅನಿಲವನ್ನು ಹೊರತೆಗೆದು 1983ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರ್ಗಾನ್, ಕ್ರಿಪ್ಟಾನ್, ಝೆನಾನ್‌ಗಳ ಪ್ರಮಾಣ ವೈಕಿಂಗ್ ಅಳತೆಗೆ ಹೊಂದಿತು. ಮರುವರ್ಷ ಇತರರು ಸಾರಜನಕವನ್ನೂ ಹೊಂದಿಸಿ ನೋಡಿದರು. ಏಟು ಬಿದ್ದ ಗಳಿಗೆಯಲ್ಲಿ ಮಂಗಳದ ಗಾಳಿಯ ಗುಟುಕೊಂದು ಗಾಜಿನೊಳಗೆ ಸಿಕ್ಕಿಬಿದ್ದಿತ್ತು.

ಆ ಕಲ್ಲು ಮಂಗಳದ್ದಾದರೆ, ಅದೇ ಖನಿಜ, ಅದೇ ಆಮ್ಲಜನಕದ ಗುರುತು ಇರುವ ಶೇರ್‌ಘಾಟಿಯದೂ ಮಂಗಳದ್ದೇ. 2013ರಲ್ಲಿ ಕ್ಯೂರಿಯಾಸಿಟಿ ಗಾಡಿ ಮಂಗಳದ ಮೇಲೆಯೇ ಆರ್ಗಾನ್ ಪರಮಾಣುಗಳ ಪ್ರಮಾಣವನ್ನು ಇನ್ನಷ್ಟು ನಿಖರವಾಗಿ ಅಳೆದಾಗ ಉಳಿದಿದ್ದ ಸಂದೇಹವೂ ಹೋಯಿತು. ವಿಶ್ವಕಿರಣಗಳು ಕಲ್ಲಿನ ಮೇಲೆ ಬಿಟ್ಟ ಗುರುತುಗಳ ಪ್ರಕಾರ ಅದು ಮಂಗಳದಿಂದ ಸಿಡಿದ ಮೇಲೆ 25–30 ಲಕ್ಷ ವರ್ಷ ಸೂರ್ಯನನ್ನು ಸುತ್ತುತ್ತಲೇ ಇದ್ದು, ಕೊನೆಗೆ ಗ್ರ್ಯಾಂಡ್ ಟ್ರಂಕ್ ರಸ್ತೆಯ ಪಕ್ಕದ ಊರೊಂದಕ್ಕೆ ಬಂದಿಳಿಯಿತು.

ಇಂದು ಭೂಮಿಯ ಮೇಲೆ ದಾಖಲಾಗಿರುವ ಉಲ್ಕಾಶಿಲೆಗಳು 70 ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ಮಂಗಳದವು ಕೆಲವು ನೂರು ಮಾತ್ರ, ಅವುಗಳಲ್ಲೂ ಬಹುಪಾಲು ಶೆರ್ಗೊಟೈಟ್‌ಗಳೇ. ಸಹಾರಾದಲ್ಲಿ ಸಿಗಲಿ, ಓಮಾನಿನಲ್ಲಿ ಸಿಗಲಿ, ಹಿಮಖಂಡದಲ್ಲಿ ಸಿಗಲಿ, ಆ ಕಲ್ಲಿಗೆ ಹೆಸರು ಬರುವುದು ಬಿಹಾರದ ಊರಿನಿಂದ.

ಕಪಾಟಿನ ಪುಣ್ಯ

ಈ ಕತೆಯಲ್ಲಿ ಗಮನಿಸಬೇಕಾದದ್ದು, 1865ರಲ್ಲಿ ಕಲ್ಲನ್ನು ಎತ್ತಿಟ್ಟವರಿಗೆ ಇದಾವುದೂ ಗೊತ್ತಿರಲಿಲ್ಲ. ಗೊತ್ತಾಗುವ ಸಾಧ್ಯತೆಯೂ ಇರಲಿಲ್ಲ. ವಿಕಿರಣಶೀಲತೆಯ ಶೋಧವೇ ಆಗಿರಲಿಲ್ಲ, ಆಮ್ಲಜನಕಕ್ಕೆ ಮೂರು ಬಗೆಯ ಪರಮಾಣು ಇದೆ ಎಂದು ಯಾರೂ ಕೇಳಿರಲಿಲ್ಲ. ಅವರು ಮಾಡಿದ್ದಿಷ್ಟೇ: ಬಿದ್ದ ದಿನ, ಊರು ಬರೆದುಕೊಂಡರು, ಕಲ್ಲನ್ನು ಕಪಾಟಿನಲ್ಲಿ ಜೋಪಾನವಾಗಿಟ್ಟರು. ಒಂದು ಶತಮಾನದ ನಂತರ ಹೊಸ ಯಂತ್ರ ಬಂದಾಗ ಕೇಳಲು ಕಲ್ಲು ಅಲ್ಲಿಯೇ ಇತ್ತು. ವರ್ಗೀಕರಣ ತಪ್ಪಿದ್ದರೂ ಕಲ್ಲು ಉಳಿದಿದ್ದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು. ಹೊಲದಲ್ಲಿ ಬಿದ್ದ ಕರಿಕಲ್ಲನ್ನು ಒಡೆದು ಹಂಚಿಕೊಂಡಿದ್ದರೆ, ಬಾವಿಗೆ ಎಸೆದಿದ್ದರೆ, ಮಂಗಳದ ಈ ಅಧ್ಯಾಯಕ್ಕೆ ಬೇರಾವುದೋ ಊರಿನ ಹೆಸರು ಬರುತ್ತಿತ್ತು.

2021ರ ಫೆಬ್ರುವರಿ 18ರಂದು ಪರ್ಸೆವೆರೆನ್ಸ್ ಗಾಡಿ ಮಂಗಳದ ಮೇಲೆ ಇಳಿಯಿತು. ಅದರ ಉಪಕರಣವೊಂದರ ಅಳತೆ ಸರಿಯಿದೆಯೇ ಎಂದು ಆಗಾಗ ಪರೀಕ್ಷಿಸಿಕೊಳ್ಳಲು, ಗುಣ ಮೊದಲೇ ಗೊತ್ತಿರುವ ಕಲ್ಲಿನ ಚೂರೊಂದನ್ನು ಜೊತೆಗೆ ಕಳಿಸಲಾಗಿತ್ತು. 1999ರಲ್ಲಿ ಓಮಾನಿನ ಮರಳುಗಾಡಿನಲ್ಲಿ ಸಿಕ್ಕ ಉಲ್ಕಾಶಿಲೆಯ ಚೂರು ಅದು. ಮಂಗಳದಿಂದ ಬಂದದ್ದು ಹೀಗೆ ಮಂಗಳಕ್ಕೇ ಮರಳಿತು. ಅದರ ವರ್ಗ: ಶೆರ್ಗೊಟೈಟ್.